ಬೆಳಕಿನ ಹೊಳೆಗೆ ಕುಂಕುಮ

ಗೆಳೆಯರೇ, ಇವತ್ತು ಹಲಸೂರಿನ ಕಲಾ ಪ್ರದರ್ಶನದಿಂದ ನಮ್ಮವ್ವನನ್ನು ಹೊರಗೆ ಕಳಿಸಿದರು. ಊರು ಬಿಟ್ಟು ದುಡಿಯಲು ಬಂದ ಹೆಂಗಸರ ಬಗ್ಗೆ ಇದ್ದ ಪ್ರದರ್ಶನ ಅದು. ರಾಯಚೂರಿನಿಂದ ಬಂದ ಅವ್ವನ ಕತೆಯೂ ಅವಳದೇ ದನಿಯಲ್ಲಿ ರೆಕಾರ್ಡ್ ಆಗಿ ಒಳಕೋಣೆಯಲ್ಲಿತ್ತು. ಅಲ್ಲಿಗೆ ಹೋಗಲು ನೆಲದ ಮೇಲೆ ಬೆಳಕಿನಲ್ಲಿ ಹರಿಯುವ ಕೃಷ್ಣಾ ನದಿ ದಾಟಬೇಕು. ಅವ್ವ ನಿಂತುಬಿಟ್ಟಳು.

"ಹೊಳಿಗೆ ಕುಂಕುಮ ಹಾಕದ ಹೆಂಗ ದಾಟ್ಲೋ?" ಎಂದು ಚೀಲದಿಂದ ಒಂದು ಚಿಟಿಕೆ ತೆಗೆದು ಹಾಕಿಯೇಬಿಟ್ಟಳು.

ಪ್ರದರ್ಶನ ನೋಡಿಕೊಳ್ಳುವ ಮೂವರು ಓಡಿ ಬಂದರು. "ಆಂಟಿ, ಗಲೀಜು ಮಾಡ್ಬೇಡಿ, ಇದು ಬರೀ ಲೈಟು!"

"ಒಳಗಡೆ ಇರೋದು ಇವ್ರದ್ದೇ ವಾಯ್ಸ್ ರೀ," ಎಂದೆ.

"ಇರ್ಲಿ, ಮೊದ್ಲು ಹೊರಗಡೆ ಬನ್ನಿ ಸರ್."

ಅವ್ವ ತನ್ನ ದನಿ ಕೇಳದೆಯೇ ಚಪ್ಪಲಿ ಹಾಕಿಕೊಂಡಳು.

ಕೆ.ಆರ್. ಪುರದಲ್ಲಿ ನಮ್ಮ ರೂಮಿನ ಹಿಂದಿನ ಕೆರೆಗೆ ದಿನಾ ಲಾರಿಯಲ್ಲಿ ಕಸ ಸುರಿಯುತ್ತಾರೆ. ಆ ಮೂವರನ್ನು ಒಂದು ದಿನ ಅಲ್ಲಿಗೆ ಕಳಿಸಿಕೊಡಿ ಗುರು.