ಮರದ ಕಾಲಿನ ಹೊನ್ನಾರು

ನಮ್ಮ ಯಜಮಾನರು ಬರ್ಮಾದ ಕಾಡಿನಿಂದ ಒಂದೂವರೆ ಕಾಲಿನಲ್ಲಿ ಬಂದರು. ಎಡಗಾಲು ಮಂಡಿಯ ಕೆಳಗೆ ಇರಲಿಲ್ಲ. ಬೆಂಗಳೂರಿನ ದಂಡಿನ ಆಸ್ಪತ್ರೆಯವರು ಅಲ್ಲೊಂದು ಮರದ ಕಾಲು ಕಟ್ಟಿ, ಬಗಲಿಗೊಂದು ಊರುಗೋಲು ಕೊಟ್ಟು, ಇನ್ನು ಕರೆದುಕೊಂಡು ಹೋಗಮ್ಮ ಎಂದರು. ಹೊರಡುವ ಮುಂಚೆ ಅಲ್ಲಿನ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. "ಬಿದ್ದರೆ ಎತ್ತಬೇಡ. ಒಂದು ಸಲ ಎತ್ತಿದೆ ಅಂದ್ರೆ ಸಾಯೋತನಕ ಎತ್ತುತ್ತಲೇ ಇರಬೇಕಾಗುತ್ತೆ," ಎಂದಳು. ನಾನು ಮದ್ದೂರಿನಲ್ಲಿ ಮಿಡ್ಲ್ ಸ್ಕೂಲು ಮುಗಿಸಿದ್ದವಳು, ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಅಭ್ಯಾಸ. ಬಾಯಿಯಂತೂ ಹುಟ್ಟಿನಿಂದ ಹರಿತ. ಆ ಕೆಲಸಕ್ಕೆ ನಾನೇ ಸರಿಯಾಗಿದ್ದೆ.

ಮದ್ದೂರಿನಲ್ಲಿ ರೈಲಿಳಿದು ಮಳವಳ್ಳಿ ಬಸ್ಸು ಹತ್ತುವಾಗ ಅವರು ಮೆಟ್ಟಿಲ ಮೇಲೇ ಜಾರಿ ಬಿದ್ದರು. ಯುದ್ಧಕಾಲ; ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಕಂಡಕ್ಟರು ಕೈ ಚಾಚಿದ. ನಾನು ಅವನ ಕೈ ತಳ್ಳಿದೆ. "ಥೂ, ಎಂಥಾ ಎಂಗ್ಸಪ್ಪಾ ಇವ್ಳು!" ಎಂದು ಒಳಗಿನಿಂದ ಯಾರೋ ಅಂದರು. ಯಜಮಾನರು ಬಾಗಿಲ ಸರಳು ಹಿಡಿದು, ಮುಖವೆಲ್ಲ ಮಸಿ ಮಾಡಿಕೊಂಡು, ತಾವೇ ಹತ್ತಿದರು. ಊರು ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.

ಅವರಿಗೆ ಬೇಕಾಗಿದ್ದುದು ಒಂದೇ: ಮತ್ತೆ ನೇಗಿಲು ಹಿಡಿಯುವುದು. ನಮ್ಮ ಕಡೆ ನೇಗಿಲ ಮೇಣಿ ಹಿಡಿಯಲಾರದ ಗಂಡಸನ್ನು ಊಟಕ್ಕೆ ಕರೆಯುತ್ತಾರೆ, ಮಾತಿಗೆ ಕರೆಯುವುದಿಲ್ಲ. ಅವರ ಅಣ್ಣ, ನಮ್ಮ ಭಾವನವರು, ಕಬ್ಬಿನ ಗದ್ದೆ ಕಾಯಲು ಕೂರಿಸೋಣ ಎಂದರು. "ನರಿ ಓಡ್ಸಕೆ ಕಾಲ್ ಬ್ಯಾಡ ಕಣ್ಲಾ, ಬಾಯಿದ್ರೆ ಸಾಕು." ಪ್ರೀತಿಯಿಂದಲೇ ಹೇಳಿದರು. ಅತ್ತೆಯಂತೂ ಮಗನನ್ನು ಮಂಚದಿಂದ ಇಳಿಯಲು ಬಿಡುತ್ತಿರಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ದಿನಾ ಬೆಳಿಗ್ಗೆ ಊರುಗೋಲನ್ನು ಅಟ್ಟಕ್ಕೆ ಎಸೆದುಬಿಡುತ್ತಿದ್ದೆ. ನೀರಿನ ಚೆಂಬನ್ನು ಮಂಚದ ಬಳಿಯಿಂದ ಎತ್ತಿ ಹಿತ್ತಲ ಕಲ್ಲಿನ ಮೇಲಿಡುತ್ತಿದ್ದೆ. ಬಾಯಾರಿದರೆ ನಡೆಯಲಿ. "ಲೇ ಪಿಸಾಚಿ, ಅವ್ನೇನ್ ನಿಮ್ಮಪ್ಪನ ಮನೆ ಕತ್ತೆಯಾ?" ಎಂದು ಅತ್ತೆ ಕೂಗುವರು. "ಕತ್ತೆಯಾಗಿದ್ರೆ ಇಷ್ಟೊತ್ಗೆ ನಡೀತಿತ್ತು," ಎನ್ನುತ್ತಿದ್ದೆ.

ಹಿತ್ತಲಿನಾಚೆಯ ತುಂಡು ಹೊಲದಲ್ಲಿ ಎತ್ತು ಕಟ್ಟಿಸಿ ಉಳಲು ಹಚ್ಚಿದೆ. ಉತ್ತ ಮಣ್ಣಿನಲ್ಲಿ ಮರದ ಕಾಲು ಗೂಟದ ಹಾಗೆ ಇಳಿದುಬಿಡುತ್ತಿತ್ತು. ಕಿತ್ತುಕೊಳ್ಳುವಷ್ಟರಲ್ಲಿ ಎತ್ತು ಮುಂದೆ ಹೋಗಿ ಇವರು ಮಕಾಡೆ ಬೀಳುವರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತು ಬೈಯುತ್ತಿದ್ದೆ. ಅವರು ನನ್ನ ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ಬೈಯುತ್ತ ಏಳುತ್ತಿದ್ದರು. ಮರದ ತುದಿಗೆ ಗೋಣಿ ಸುತ್ತಿ ಅಗಲ ಮಾಡಿದ ಮೇಲೆ ಹೂಳುವುದು ಸ್ವಲ್ಪ ಕಡಿಮೆಯಾಯಿತು. ಸಂಜೆ ಕಾಲು ಬಿಚ್ಚಿದರೆ ಮೊಂಡು ಹಸಿ ಮಾಂಸವಾಗಿರುತ್ತಿತ್ತು. ಬೇವಿನೆಲೆ ಕುದಿಸಿದ ನೀರಿನಲ್ಲಿ ತೊಳೆಯುತ್ತಿದ್ದೆ. ಆಗ ಮಾತ್ರ ನಾನು ಬಾಯಿ ತೆರೆಯುತ್ತಿರಲಿಲ್ಲ; ತೆರೆದರೆ ಅಳು ಬರುತ್ತಿತ್ತು.

ಹಾಗೆ ತೊಳೆಯುವಾಗಲೇ ಒಂದು ಸಂಜೆ ಅವರು ಬರ್ಮಾದ ಮಾತು ತೆಗೆದರು. ಅದೇ ಮೊದಲು, ಅದೇ ಕೊನೆ. ಅವರದು ಎದುರೆದುರು ಕಾದುವ ದಂಡಲ್ಲ. ಜಪಾನಿಯರ ಬೆನ್ನ ಹಿಂದೆ ಕಾಡಿನೊಳಗೆ ಗುಟ್ಟಾಗಿ ನುಸುಳಿ ರೈಲಿನ ಸೇತುವೆ ಸಿಡಿಸುವ ಗುಂಪು. ಇವರು ಅದರಲ್ಲಿ ಹೇಸರಗತ್ತೆ ಹೊಡೆಯುತ್ತಿದ್ದರು. ಕೂಗಿದರೆ ಶತ್ರುವಿಗೆ ಕೇಳೀತೆಂದು ಆ ಪ್ರಾಣಿಗಳ ಗಂಟಲಿನ ನರ ಕತ್ತರಿಸಿ ದನಿ ತೆಗೆದುಬಿಟ್ಟಿದ್ದರಂತೆ. ಗಾಯವಾದ ಮನುಷ್ಯರನ್ನು ಹೊತ್ತು ನಡೆಯುವ ಹಾಗಿರಲಿಲ್ಲವಂತೆ.

"ನಡೆಯೋನ್ಗೆ ಸಾಯೋ ಅಂಗೆ ಬಯ್ಯೋರು," ಎಂದರು. "ಬೂಟ್ನಲ್ಲಿ ಒದೆಯೋರು. ನಡೀನಾರ್ದೋನ್ನ ಮಾತ್ರ ಬಯ್ತಿರ್ನಿಲ್ಲ. ಮರಕ್ಕೆ ಒರಗ್ಸಿ, ತಲೆ ಸವರಿ, ಒಂದ್ ಸಿಗ್ರೇಟು ಅಚ್ಚಿ ಬಾಯ್ಗಿಟ್ಟು ಓಯ್ತಾ ಇರೋರು. ಗಾಯದ ಕಾಲ್ ಎಳ್ಕಂಡ್ ನಡೀತಿದ್ದ ನನ್ನ ಕೊನೇವರ್ಗೂ ಬಯ್ದ್ರು. ಅದ್ಕೇ ಬದ್ಕಂಡೆ."

ಮಾರನೆಯ ಬೆಳಿಗ್ಗೆ ಊರುಗೋಲನ್ನು ಅವರೇ ನನ್ನ ಕೈಗೆ ಕೊಟ್ಟರು, ಅಟ್ಟಕ್ಕೆಸೆಯಲು.

ಮುಂದಿನ ಯುಗಾದಿಗೆ ಪಂಚಾಂಗದಲ್ಲಿ ಅವರ ಹೆಸರಿಗೆ ಬಲ ಬಂತು. ಯುಗಾದಿಯ ದಿನ ಊರಿಗೆಲ್ಲ ಮೊದಲ ಉಳುಮೆ, ಹೊನ್ನಾರು. ಪಂಚಾಂಗ ಯಾರ ಹೆಸರಿಗೆ ಕೂಡಿಬರುತ್ತದೋ ಅವನೇ ಮೇಣಿ ಹಿಡಿಯಬೇಕು. ಅವನ ಸಾಲಿದ್ದಂತೆ ಆ ವರ್ಷ ಊರಿನ ಬೆಳೆ. ಅಂಗ ಊನವಾದವನು ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಊರ ಗೌಡರು, "ಇಡೀಲಿ ಬುಡ್ರಲಾ, ದಂಡ್ಗೋಗಿ ಬಂದವ್ನೆ," ಎಂದರು. ಭಾವನವರೂ ತಲೆಯಾಡಿಸಿದರು. ನನಗೆ ಆಶ್ಚರ್ಯವಾಯಿತು. ಆ ಸಂತೋಷದಲ್ಲಿ ಅನುಮಾನ ಪಡಲು ಪುರುಸೊತ್ತೆಲ್ಲಿ.

ಗೌಡರ ಹೊಲದ ಬದುವಿನ ಮೇಲೆ ಊರೆಲ್ಲ ನಿಂತಿತ್ತು. ತಮಟೆ ಬಾರಿಸಿದರು. ಯಜಮಾನರು ಮೇಣಿ ಹಿಡಿದು ಎತ್ತು ಹೊಡೆದರು. ಆ ತುದಿಯಲ್ಲಿ ತಿರುಗುವಾಗ ಮರದ ಕಾಲು ಹೂತು ಮಣ್ಣಿಗೆ ಕುಸಿದರು. "ಅಯ್ಯೋ ಕಂದಾ!" ಎಂದು ಅತ್ತೆ ಓಡಿದರು. ನಾನು ಅವರ ಸೆರಗು ಹಿಡಿದು ಜಗ್ಗಿ ನಿಲ್ಲಿಸಿದೆ. "ಏಳಿ ಮ್ಯಾಕೆ! ಮಣ್ಣಲ್ಲೇನ್ ಉಡುಕ್ತಿದ್ದೀರಿ?" ಎಂದು ಊರೆಲ್ಲ ಕೇಳುವಂತೆ ಕಿರುಚಿದೆ. ಕೆಲವರು ನಕ್ಕರು. ಅವರು ಎದ್ದರು. ಹೊಲದ ಈ ತುದಿಯವರೆಗೂ ಉತ್ತು ಮುಗಿಸಿದರು. ಸಾಲು ದಾರ ಹಿಡಿದ ಹಾಗೆ ನೆಟ್ಟಗಿತ್ತು. ಗೌಡರು ಬೆನ್ನು ತಟ್ಟಿ ಭೇಷ್ ಎಂದರು. ಅಂದು ಮಧ್ಯಾಹ್ನ ಯಜಮಾನರು ಮಂಚ ಬಿಟ್ಟು ಎಲ್ಲರ ಸಾಲಿನಲ್ಲಿ ಕೂತು ಒಬ್ಬಟ್ಟು ಉಂಡರು.

ಮಾರನೆಯ ದಿನ ವರ್ಷತೊಡಕು, ಊರಿಗೆ ಊರೇ ಬಾಡೂಟದ ಗಡಿಬಿಡಿಯಲ್ಲಿರುವ ದಿನ. ಬೆಳಿಗ್ಗೆ ನೀರಿಗೆ ಹೋದವಳಿಗೆ ಗೌಡರ ಹೊಲದಲ್ಲಿ ಮತ್ತೆ ಜನ ಕಂಡರು, ಮೆಲ್ಲಗೆ ತಮಟೆಯೂ ಕೇಳಿತು. ಅದೇ ನೇಗಿಲು, ಗಂಜಲದಲ್ಲಿ ತೊಳೆದು ಅರಿಶಿನ ಹಚ್ಚಿದ್ದರು. ತೊಳೆದ ಗಂಜಲದ ಗಡಿಗೆ ಅತ್ತೆಯ ಕೈಯಲ್ಲೇ ಇತ್ತು. ಭಾವನವರು ಮೇಣಿ ಹಿಡಿದು, ತಮ್ಮನ ಸಾಲಿನ ಮೇಲೇ ಅಡ್ಡಡ್ಡ ಉಳುತ್ತಿದ್ದರು.

"ಇದೇನತ್ತೆ?" ಎಂದೆ.

"ಸುಮ್ಕಿರವ್ವ. ನಿನ್ನೇದು ಅವ್ನ ಮನ್ಸಿನ ಸಮಾದಾನಕ್ಕೆ. ಊರ್ಗೂ ಒಳ್ಳೇದಾಗ್ಬೇಕಲ್ಲ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನೀರಿದ್ದರೇನು, ಗಡಿಗೆ ಕೆಳಗಿಡಲಿಲ್ಲ.

"ಅವ್ನ್ಗೆ ಏಳ್ಬ್ಯಾಡ ಕಣಮ್ಮ, ನೊಂದ್ಕತಾನೆ," ಎಂದರು ಗೌಡರು.

ಎಲ್ಲ ಮೊದಲೇ ಮಾತಾಡಿಕೊಂಡಿದ್ದರು. ಊರಿಗೆ ಊರನ್ನೇ ಝಾಡಿಸಬೇಕಾದ ಹೊತ್ತಿಗೆ ನನ್ನ ಬಾಯಿ ಕೈಕೊಟ್ಟಿತು. ಖಾಲಿ ಬಿಂದಿಗೆ ಹೊತ್ತು ಮನೆಗೆ ಬಂದೆ.

ಯಜಮಾನರು ಮಂಚದ ಮೇಲೆ ಕೂತಿದ್ದರು. ಹೊಲದ ತಮಟೆ ಅಲ್ಲಿಗೂ ಕೇಳುತ್ತಿತ್ತು. ಅವರಿಗೆ ಹೇಳಬೇಕಾದ್ದೇನೂ ಉಳಿದಿರಲಿಲ್ಲ. ನಾನು ಅಟ್ಟದಿಂದ ಊರುಗೋಲು ಇಳಿಸಿ ಅವರ ಕೈಗೆಟುಕುವ ಹಾಗೆ ಒರಗಿಸಿದೆ. ಚೆಂಬು ತಂದು ಪಕ್ಕದಲ್ಲಿಟ್ಟೆ. ಉಳಿದಿದ್ದ ಒಬ್ಬಟ್ಟನ್ನು ಬಿಸಿ ಮಾಡಿ, ತುಪ್ಪ ಹಾಕಿ ತಂದೆ. "ಇವತ್ತು ಏಳ್ಬ್ಯಾಡಿ. ಸುಮ್ನೆ ಮಲಕ್ಕಳಿ," ಎಂದು ತಲೆ ಸವರಿದೆ.

ಅವರು ಊರುಗೋಲನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಒಂದ್ ಸಿಗ್ರೇಟೂ ಅಚ್ಕೊಟ್ಬುಡು," ಎಂದರು.

ಊರುಗೋಲನ್ನು ಎತ್ತಿಕೊಂಡು ಹೋಗಿ ನೀರೊಲೆಗೆ ತುರುಕಿದೆ. ವಾಪಸು ಬಂದು ಒಬ್ಬಟ್ಟಿನ ತಟ್ಟೆ ಕಿತ್ತುಕೊಂಡೆ. "ಏಳಿ ಮ್ಯಾಕೆ! ಎತ್ಗೆ ನಿಮ್ಮಪ್ಪ ಬಂದು ನೀರ್ ಕುಡಿಸ್ತಾನಾ?" ಎಂದು ಅಳುತ್ತಲೇ ಕೂಗಿದೆ. ಅವರು ಮರದ ಕಾಲನ್ನು ಎಳೆದುಕೊಂಡು ಪಟ್ಟಿ ಬಿಗಿಯತೊಡಗಿದರು. ಬಿಗಿಯುತ್ತಲೇ ನನ್ನ ತವರಿನವರನ್ನು ಬೈಯಲು ಶುರುಮಾಡಿದರು.