ಅಂಚಿಲ್ಲದ ಬಟ್ಟೆ

ಮೊನ್ನೆ ಬೆಳಿಗ್ಗೆ ಸೊಸೆ ಮೊಮ್ಮಗಳಿಗೆ ಅಂಗಿ ಹೊಲಿಯಲು ಬನಿಯನ್ ಬಟ್ಟೆ ಹರಡಿಕೊಂಡು ಕೂತಿದ್ದಳು. "ಮಾವ, ಈ ತುದಿ ಒಸಿ ಇಡ್ಕಳಿ" ಅಂದಳು. ಹಿಡಿದೆ. ಹಿಡಿದವನು ಸುಮ್ಮನಿರದೆ ಬಿಗಿಯಾಗಿ ಎಳೆದೆ. "ಎಳೀಬ್ಯಾಡಿ ಮಾವ, ಅಳತೆ ಕೆಟ್ಟೋಯ್ತದೆ." ಬಿಟ್ಟೆ. ಬಟ್ಟೆ ಗೇಣುದ್ದ ಹಿಂದಕ್ಕೆ ಸರಿದು, ಕತ್ತರಿಸಿದ ತುದಿ ಮೆಲ್ಲಗೆ ಸುರುಳಿ ಸುತ್ತಿಕೊಂಡಿತು.

ಆ ಸುರುಳಿಯನ್ನು ನಾನು ಮೊದಲು ನೋಡಿದ್ದು ಎಂಟು ವರ್ಷದವನಿದ್ದಾಗ. ಅದನ್ನು ನಿಮಗೆ ಹೇಳಬೇಕೆಂದೇ ಟೈಪು ಮಾಡಲು ಕೂತಿದ್ದೇನೆ. ನನ್ನದು ಒಂದೇ ಬೆರಳಿನ ಟೈಪು, ಒತ್ತಕ್ಷರ ಬಂದರೆ ನಿಂತು ಉಸಿರು ತೆಗೆದುಕೊಳ್ಳುತ್ತೇನೆ. ನೀವೂ ನಿಧಾನವಾಗಿಯೇ ಬನ್ನಿ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮನೆ. ನಡುಮನೆಯಲ್ಲಿ ಮಗ್ಗ, ಹಿತ್ತಲಲ್ಲಿ ಹಂಡೆ. ಸೋಪಿನ ನೀರು ಕುದಿಸಿ ಅದರಲ್ಲಿ ನೂಲಿನ ಅಂಟು ಬಿಡಿಸುತ್ತಿದ್ದರು. ನನಗೆ ಆರು ವರ್ಷವಿದ್ದಾಗ, ಹಂಡೆಯೊಳಗೆ ಏನಾಗುತ್ತದೆ ಎಂದು ನೋಡುವ ಆಸೆಗೆ ಓಡಿಹೋಗಿ, ನೂಲು ಎತ್ತುತ್ತಿದ್ದ ಅಪ್ಪನ ಮೊಣಕೈಗೆ ತಾಗಿದೆ. ಕುದಿನೀರು ನನ್ನ ಹೆಗಲಿನಿಂದ ಬೆನ್ನಿಗೆ ಇಳಿಯಿತು. ಗಾಯ ಮಾಯಿತು, ಚರ್ಮ ಮಾತ್ರ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಳಿಯಿತು. ಅಂಗಿಯ ಹೊಲಿಗೆ ತಾಗಿದಲ್ಲೆಲ್ಲ ರಕ್ತ ಒಸರುತ್ತಿತ್ತು. ಅವ್ವನ ಹಳೆಯ ಸೀರೆಯ ತುಂಡು ಹೊದ್ದುಕೊಂಡು ಎರಡು ವರ್ಷ ಮನೆಯಲ್ಲೇ ಇದ್ದೆ. ರೇಷ್ಮೆಯನ್ನೇ ಉಡಿಸಬಹುದಿತ್ತಲ್ಲ ಅನ್ನುತ್ತೀರಿ. ಮಗ್ಗದ ಮೇಲಿನ ರೇಷ್ಮೆ ನೂಲು ಕೊಟ್ಟ ಸಾಹುಕಾರನದು, ನೇಯುವವನದಲ್ಲ ಎನ್ನುವುದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತಿತ್ತು.

ಸ್ಕೂಲಿನ ಮೇಷ್ಟ್ರು ಅಪ್ಪನಿಗೆ ಹೇಳಿ ಕಳಿಸಿದ್ದರು: "ಮೈ ಮುಚ್ಕಂಡು ಬರ್ಲಿ, ಸೇರಿಸ್ಕತೀನಿ. ಈ ವರ್ಸ ತಪ್ಪುದ್ರೆ ಒಂದ್ನೇ ಕ್ಲಾಸ್ಗೆ ತಕಳಕಾಗಲ್ಲ." ಸ್ಕೂಲು ತೆರೆಯಲು ವಾರವೂ ಇರಲಿಲ್ಲ. ಅಂಗಿ ಇಲ್ಲದವನಿಗೆ ಅಕ್ಷರವೂ ಇಲ್ಲ ಅನ್ನುವ ಹಾಗಾಗಿತ್ತು.

ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆ. ಗಾಡಿ ಕಟ್ಟಿಕೊಂಡು ಅಲ್ಲಿನ ಮಾಂಬಳ್ಳಿಯ ಅತ್ತೆಯ ಮನೆಗೆ ಹೋಗಿಬಂದರೂ ಪರರಾಜ್ಯ ಕಂಡು ಬಂದವನ ಹಾಗೆ ನಾನು ಬೀಗುತ್ತಿದ್ದೆ. ಕಚೇರಿ ಕೆಲಸಕ್ಕೆ ಮಾತ್ರ ಘಾಟು ಇಳಿದು ಕೊಯಮತ್ತೂರಿಗೇ ಹೋಗಬೇಕು. ಹಾಗೆ ಹೋಗಿದ್ದ ಸೋದರಮಾವ ಬರುವಾಗ ತಿರುಪ್ಪೂರಿನಿಂದ ಎರಡು ತುಂಡು ಬನಿಯನ್ ಬಟ್ಟೆ ತಂದ. ಎರಡೂ ಕೊಳವೆಯ ಹಾಗೆ ಇದ್ದವು.

"ಬಾವ, ಇದ್ರ ಅಂಚು ಎಲ್ಲದೆ ಏಳಿ ನೋಡಣ" ಅಂದ.

ಅಪ್ಪ ಕೊಳವೆಯನ್ನು ತಿರುಗಿಸಿದರು, ಮತ್ತೆ ತಿರುಗಿಸಿದರು. ಬೆಳಕಿಗೆ ಹಿಡಿದರು. "ಅಂಚೇ ಇಲ್ವಲ್ಲಾ. ಆಸು ಯಾವ್ದು, ಒಕ್ಕು ಯಾವ್ದು? ಯಾವ ಮಗ್ಗದ್ದು ಇದು?"

"ಮಗ್ಗ ಅಲ್ಲ ಕಣ್ ಬಾವ, ಮಿಷಿನ್ನು. ಅದು ಸುತ್ತ ತಿರುಗ್ತದೆ, ಬಟ್ಟೆ ಕೆಳೀಕೆ ಇಳೀತದೆ."

"ನೀನು ನೋಡ್ದಾ?"

"ಕಿಟಕೀಲಿ ಇಣುಕ್ದೆ. ಒಳೀಕೆ ಬಿಡ್ನಿಲ್ಲ."

ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ನೂಲು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಇವೆರಡೂ ಇಲ್ಲದ ಬಟ್ಟೆಯನ್ನು ಅಪ್ಪ ಹುಟ್ಟಿದಾಗಿನಿಂದ ಮುಟ್ಟಿರಲಿಲ್ಲ. ಕತ್ತರಿಸುವುದು ತನ್ನ ಕೆಲಸ ಅಂದರು. ನನ್ನ ಹಳೆಯ ಅಂಗಿಯ ಅಳತೆ ತೆಗೆದುಕೊಂಡರು. ಮಗ್ಗದಲ್ಲಿ ಸಡಿಲ ಅನ್ನುವುದೇ ತಪ್ಪಲ್ಲವೇ, ಅದೇ ಅಭ್ಯಾಸದಲ್ಲಿ ನೆಲಕ್ಕೆ ನಾಲ್ಕು ಗೂಟ ಹೊಡೆದು, ಬಟ್ಟೆಯನ್ನು ತಮಟೆಯ ಹಾಗೆ ಬಿಗಿದು, ಗೆರೆ ಹಾಕಿ, ಅಷ್ಟೇ ಅಚ್ಚುಕಟ್ಟಾಗಿ ಕತ್ತರಿಸಿದರು. ಗೂಟದಿಂದ ಬಿಡಿಸಿದ್ದೇ ತಡ, ಅದು ಮುದುರಿ ಅರ್ಧವಾಯಿತು. ತುದಿಗಳೆಲ್ಲ ಸುರುಳಿ. ಅವ್ವ ನನ್ನ ತಲೆಗೆ ತೊಡಿಸಲು ಹೋದಳು, ಕೊರಳಿನ ತೂತು ಕಿವಿ ದಾಟಲಿಲ್ಲ.

"ಉಟ್ಟೋ ಕೂಸ್ಗೆ ಕತ್ತರಿಸ್ಬುಟ್ರಲ್ಲ ಬಾವ" ಎಂದು ಮಾವ ನಕ್ಕ. ಅಪ್ಪ ನಗಲಿಲ್ಲ. ಹಂಡೆಯ ಆ ದಿನದಿಂದ ಅಪ್ಪ ನನ್ನ ಬೆನ್ನ ಕಡೆ ನೋಡುತ್ತಲೇ ಇರಲಿಲ್ಲ. ಈಗ ಮುಖವನ್ನೂ ನೋಡದೆ ಕತ್ತರಿ ಕೆಳಗಿಟ್ಟರು.

ಉಳಿದದ್ದು ಒಂದೇ ತುಂಡು. ಅವ್ವ ಅದನ್ನು ಚಾಪೆಯ ಮೇಲೆ ಹಾಸಿ, "ಇದ ಯಾರೂ ಮುಟ್ಬ್ಯಾಡಿ. ಮಲಗ್ಲಿ" ಅಂದಳು.

"ಬಟ್ಟೆನೂ ಮಲಗ್ತದಾ?" ಅಂದರು ಅಪ್ಪ.

"ಕಟ್ಟಿ ತಂದವ್ರೆ, ಎಳ್ದಾಡವ್ರೆ. ಬೆದರ್ಕಂಡದೆ. ಒಸಿ ಸುದಾರಿಸ್ಕಳ್ಳಿ ಬುಡಿ."

ಊಟದ ಹೊತ್ತಿನವರೆಗೂ ಆ ಬಟ್ಟೆಯನ್ನು ಎಲ್ಲರೂ ಕೂಸು ಮಲಗಿದ ಹಾಗೆ ಸುತ್ತುಬಳಸಿ ದಾಟಿದೆವು. ಅಪ್ಪ ಕೆಟ್ಟ ತುಂಡನ್ನು ಜಗಲಿಗೆ ಒಯ್ದು, ನೇಯುವವರ ಬುದ್ಧಿಯಂತೆ ತುದಿಯ ಒಂದು ನೂಲು ಕಿತ್ತು ನೋಡಿದರು. ನೂಲು ಬಂತು. ಎಳೆದರೆ ಇನ್ನೂ ಬಂತು. "ಬಾ ಇಲ್ಲಿ, ಇಡ್ಕ" ಎಂದು ನನ್ನನ್ನು ಕರೆದರು. ತುದಿ ಹಿಡಿದು ನಾನು ಬೀದಿಗೆ ಇಳಿದೆ, ಬಾವಿಯವರೆಗೆ ಹೋಗಿ ತಿರುಗಿ ಬಂದೆ. ಬಟ್ಟೆ ಒಂದೊಂದೇ ಸುತ್ತು ಕರಗುತ್ತಿತ್ತು. ಬಂದ ನೂಲೆಲ್ಲ ನೆಟ್ಟಗಿಲ್ಲದೆ ಅಲೆ ಅಲೆಯಾಗಿತ್ತು. ಎಳೆದರೆ ಉದ್ದವಾಗುವುದು, ಬಿಟ್ಟರೆ ಮತ್ತೆ ಗುಂಗುರು.

"ನೋಡ್ಲಾ ಮಗ, ಆಸೂ ಇಲ್ಲ ಒಕ್ಕೂ ಇಲ್ಲ. ಒಂದೇ ನೂಲು, ತನ್ ಕೈಯ ತಾನೇ ಇಡ್ಕಂಡು ಬಂದದೆ" ಅಂದರು. ಆ ಬೆರಗಿನಲ್ಲೇ ನನ್ನನ್ನು ಹಿಂದಕ್ಕೆ ತಿರುಗಿಸಿ, ಬೆನ್ನಿನ ಹತ್ತಿರ ಕೈ ತಂದು, ಮುಟ್ಟದೆ ನಿಲ್ಲಿಸಿ ಕೇಳಿದರು, "ಉರೀತದಾ ಈಗ್ಲೂ?"

"ಇಲ್ಲ" ಅಂದೆ. ಸುಳ್ಳು. ಅಷ್ಟು ಒಳ್ಳೆಯ ಸುಳ್ಳನ್ನು ಆಮೇಲೆ ನಾನು ಹೇಳಿಲ್ಲ.

ಮಲಗಿ ಎದ್ದ ಬಟ್ಟೆಯನ್ನು ಅವ್ವ ಎಳೆಯದೆ ಕತ್ತರಿಸಿದಳು. ಕೊಳವೆಯಾದ್ದರಿಂದ ಪಕ್ಕಕ್ಕೆ ಹೊಲಿಗೆಯೇ ಬೇಕಾಗಲಿಲ್ಲ. ಹೆಗಲನ್ನೂ ತೋಳನ್ನೂ ಅಪ್ಪ ಬಿಚ್ಚಿಕೊಟ್ಟ ಗುಂಗುರು ನೂಲಿನಲ್ಲೇ ಸಡಿಲವಾಗಿ ಹೊಲಿದು, ಹೊಲಿಗೆಯ ಒರಟೆಲ್ಲ ಹೊರಗೆ ಬರುವಂತೆ ಉಲ್ಟಾ ತೊಡಿಸಿದಳು. ಮೈಮೇಲೆ ಏನೂ ಇಲ್ಲದ ಹಾಗಿತ್ತು. ನಿಜವಾಗಿ ಹಾಕಿದ್ದೇನೆಯೋ ಇಲ್ಲವೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ.

ಒಂದನೇ ಕ್ಲಾಸಿನಲ್ಲಿ ನನ್ನ ಸೊಂಟದೆತ್ತರದ ಮಕ್ಕಳ ನಡುವೆ ತೆಂಗಿನ ಮರದ ಹಾಗೆ ನಿಂತೆ. "ಸಾ, ಇವ್ನು ಅಂಗಿಯ ತಿರುಗಾಮುರುಗಾ ಆಕ್ಕಂಡವ್ನೆ" ಎಂದು ಒಬ್ಬ ಕೂಗಿದ. ಮೇಷ್ಟ್ರು ಹತ್ತಿರ ಬಂದು, ಅಂಗಿಯ ಕೊರಳಿನೊಳಗೆ ಒಮ್ಮೆ ಇಣುಕಿ, ಮೆಲ್ಲಗೆ ಮುಚ್ಚಿದರು. "ಅವ್ರವ್ವ ಸರಿಯಾಗೇ ಒಲ್ದವ್ಳೆ. ನೀ ಕುತ್ಕಳ್ಲಾ" ಎಂದು ಅವನಿಗೆ ಹೇಳಿ, ನನ್ನ ಕೈಗೆ ಸ್ಲೇಟು ಕೊಟ್ಟರು.

ಮೊನ್ನೆ ಸೊಸೆ ಸುರುಳಿ ಬಿಡಿಸುತ್ತಾ, "ಇನ್ನೊಂದ್ಸಲ ಇಡ್ಕತೀರಾ ಮಾವ?" ಅಂದಳು. ನೇಯುವವರ ಕೈ, ಎಳೆಯುವುದೇ ಅದರ ಗುಣ ಎಂದು ಇಷ್ಟು ದಿನ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆ. ಆ ದಿನ ಅಪ್ಪನ ಕೈ ನನ್ನ ಬೆನ್ನಿನ ಹತ್ತಿರ ಬಂದು ಮುಟ್ಟದೆ ನಿಂತದ್ದು ನೆನಪಾಯಿತು.

"ಒಸಿ ಒತ್ತು ಮಲಗ್ಲಿ ಬುಡವ್ವ" ಅಂದೆ.

ಅವಳು ನಕ್ಕಳು, ಆದರೆ ಕತ್ತರಿ ಕೆಳಗಿಟ್ಟಳು. ಬಟ್ಟೆಯನ್ನು ನೋಡುತ್ತಾ ಇಬ್ಬರೂ ಕೈಕಟ್ಟಿ ಕೂತೆವು.