ಕೈಬಿಲ್ಟಿಯಿಂದ ಕಂಪ್ಯೂಟರ್ ಬಿಲ್ಟಿಗೆ: ಪಂಪಣ್ಣನವರ ಒಂದು ಮಹಾನವಮಿ

ಪಂಪಣ್ಣನವರಿಗೆ ಸ್ವಂತ ಲಾರಿ ಇರಲಿಲ್ಲ. ಲಾರಿ ಇಲ್ಲದವನ ಮಾತಿಗೆ ಸಿಂಧನೂರಿನ ಗಂಜ್ ಮಾರುಕಟ್ಟೆಯಲ್ಲಿ ತೂಕವಿಲ್ಲ ಎಂದು ತಿಳಿದವರ ನಡುವೆ, ಬರೀ ಬಿಲ್ಟಿ ಬರೆಯುವ ಕೆಲಸದಿಂದಲೇ ತಮ್ಮ ಮಾತಿಗೆ ತೂಕ ತಂದುಕೊಂಡವರು ಅವರು. ಬಿಲ್ಟಿ ಎಂದರೆ ಲಾರಿಗೆ ಏರಿದ ಸರಕಿನ ಜಾತಕ. ಕಳಿಸಿದವರು ಯಾರು, ಯಾರಿಗೆ, ಏನು, ಎಷ್ಟು ಚೀಲ, ಬಾಡಿಗೆ ಕೊಡುವವರು ಯಾರು ಎಂಬುದೆಲ್ಲ ಅದರಲ್ಲಿರಬೇಕು. ಅದಿಲ್ಲದೆ ಲಾರಿ ನಾಕಾ ದಾಟುವುದಿಲ್ಲ, ದಾಟಿದರೂ ಸರಕು ಇಳಿಯುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸರಕು ಸಾಗಣೆಯಲ್ಲಿ ಕಾರ್ಬನ್ ಹಾಳೆಯ ಕಾಲ ಮುಗಿದು ಕಂಪ್ಯೂಟರಿನ ಕಾಲ ಶುರುವಾದದ್ದು ಪಂಪಣ್ಣನವರ ಉಸ್ತುವಾರಿಯಲ್ಲಿ. ಇದನ್ನು ಸಾಧನೆ ಎಂದು ಎಲ್ಲರೂ ಕರೆಯುತ್ತಾರೆ. ಸಾಧನೆ ಹೌದು. ಆದರೆ ಅದಕ್ಕೆ ತೆತ್ತದ್ದನ್ನು ಬಿಟ್ಟು ಹೇಳಿದರೆ ಅವರನ್ನು ಹೊಗಳಿದಂತಾದೀತೇ ಹೊರತು ತಿಳಿದಂತಾಗುವುದಿಲ್ಲ.

ಗುರುಗುಂಟಾದ ಒಕ್ಕಲು ಮನೆತನದಲ್ಲಿ ಹುಟ್ಟಿ, ಮೆಟ್ರಿಕ್ ಮುಗಿಸಿ, ಅಡತಿ ಅಂಗಡಿಗಳಲ್ಲಿ ಹಲವು ವರ್ಷ ದುಡಿದು, ಪಂಪಣ್ಣನವರು 1981ರಲ್ಲಿ ಲಿಂಗಸುಗೂರಿನ ಅಮರೇಗೌಡರ ಟ್ರಾನ್ಸ್‌ಪೋರ್ಟ್ ಕಚೇರಿಗೆ ಗುಮಾಸ್ತರಾಗಿ ಸೇರಿದರು. ಅಲ್ಲಿ ಅವರಿಗೆ ಕೆಲಸ ಕಲಿಸಿದವರು ಹಿರಿಯ ಗುಮಾಸ್ತ ಗೌಸ್‌ಸಾಬರು. ಒಂದು ಬಿಲ್ಟಿಗೆ ನಾಲ್ಕು ಪ್ರತಿ. ನಡುವೆ ಮೂರು ಕಾರ್ಬನ್. ಪಂಪಣ್ಣನವರ ಕೈಬರಹ ದುಂಡಗಿತ್ತು, ಒತ್ತು ಮಾತ್ರ ಸಾಲುತ್ತಿರಲಿಲ್ಲ.

“ಒತ್ರಿ ಪಂಪಣ್ಣ, ಒತ್ರಿ,” ಎನ್ನುತ್ತಿದ್ದರು ಗೌಸ್‌ಸಾಬರು. “ಹೆಂಡ್ತಿಗಿ ಪತ್ರ ಬರದಂಗ ಬರದ್ರ ನಾಕನೇ ಕಾಪಿ ಬೋಳ ಇರ್ತೈತಿ.”

ಒಂದೇ ಬುತ್ತಿಯಲ್ಲಿ ಉಂಡು ಬೆಳೆದ ಸ್ನೇಹ ಅದು. ಕಾಲುವೆ ನೀರಿನ ಭತ್ತ ಹೆಚ್ಚಿ, ಅಕ್ಕಿ ಗಿರಣಿಗಳು ಎದ್ದಾಗ ಗೌಡರು ಮಸ್ಕಿ, ಸಿಂಧನೂರುಗಳಲ್ಲೂ ಕಚೇರಿ ತೆರೆದರು. 1985ರಲ್ಲಿ ಗೌಸ್‌ಸಾಬರು ತಮ್ಮೂರಾದ ಮಸ್ಕಿಗೆ ಹೋದರು. ಪಂಪಣ್ಣನವರು ಸಿಂಧನೂರಿಗೆ ಬಂದು, ಮೂರೂ ಕಚೇರಿಗಳ ಮೇಲ್ವಿಚಾರಣೆ ಹೊತ್ತರು. ತಮಗಿಂತ ಹಿರಿಯರಾದ ಗೌಸ್‌ಸಾಬರನ್ನು ಬಿಟ್ಟು ತಮ್ಮನ್ನು ಮೇಲಕ್ಕೆ ತಂದದ್ದು ಅವರಿಗೆ ಸದಾ ಮುಜುಗರದ ಸಂಗತಿಯಾಗಿತ್ತು. ಗೌಸ್‌ಸಾಬರು ಆ ಮಾತನ್ನು ಎಂದೂ ಎತ್ತಲಿಲ್ಲ.

ಸಿಂಧನೂರಿನಲ್ಲಿ ಅವರು ಒಂದು ಕಟ್ಟಳೆ ಮಾಡಿದರು. ತಾಡಪತ್ರಿ ಹೊದಿಸಿ ಹಗ್ಗ ಬಿಗಿದ ಮೇಲೆ, ತಾವೇ ಲಾರಿಯನ್ನು ಸುತ್ತಿ, ಹಗ್ಗವನ್ನು ಮುಟ್ಟಿ ಎಳೆದು ನೋಡದ ಹೊರತು ಡ್ರೈವರನ ಕೈಗೆ ಬಿಲ್ಟಿ ಕೊಡುತ್ತಿರಲಿಲ್ಲ. ಬಳ್ಳಾರಿ ಕಡೆಗೆ ಅಕ್ಕಿ ಒಯ್ಯುತ್ತಿದ್ದ ಡ್ರೈವರ್ ಬುಡ್ಡೇಸಾಬ್ ಇದಕ್ಕೆ ಗೊಣಗುತ್ತಿದ್ದ: “ಎಮ್ಮಿ ಕೊಳ್ಳಾಕ ಬಂದೀರೇನ್ರೀ ಪಂಪಣ್ಣಾರ, ಹಿಂಗ ತಡವಿ ತಡವಿ ನೋಡಾಕತ್ತೀರಿ?” ಅದೇ ಬುಡ್ಡೇಸಾಬ್ ಒಮ್ಮೆ ಕಾಲು ಮುರಿದುಕೊಂಡು ಮನೆ ಹಿಡಿದಾಗ, ಅವನ ಲಾರಿಯನ್ನು ಬೇರೆಯವರಿಗೆ ಕೊಡಗೊಡದೆ, ಅವನ ತಮ್ಮನನ್ನೇ ಕೂರಿಸಿ, ಕಾಲು ಕೂಡುವವರೆಗೆ ಕೆಲಸ ಕಾದಿಟ್ಟವರು ಪಂಪಣ್ಣನವರು.

1994ರ ಶ್ರಾವಣದಲ್ಲಿ ಅಮರೇಗೌಡರು ಹೈದರಾಬಾದಿನಿಂದ ಮೂರು ಹಳೆಯ ಕಂಪ್ಯೂಟರ್ ತರಿಸಿ, ಕಚೇರಿಗೊಂದರಂತೆ ಇಟ್ಟರು. ಅವುಗಳಿಗೆ ಒಳಗೆ ಏನನ್ನೂ ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ. ಬರೆದದ್ದೆಲ್ಲ ಅಂಗೈ ಅಗಲದ ಕರಿ ಫ್ಲಾಪಿಗಳಲ್ಲೇ ಉಳಿಯಬೇಕು. ಮಸ್ಕಿ, ಲಿಂಗಸುಗೂರುಗಳ ಫ್ಲಾಪಿಗಳು ವಾರಕ್ಕೊಮ್ಮೆ ಬಸ್ ಕಂಡಕ್ಟರರ ಕೈಯಲ್ಲಿ ಸಿಂಧನೂರಿಗೆ ಬಂದು, ನಕಲಾಗಿ ಮರಳುತ್ತಿದ್ದವು. ಇದನ್ನೆಲ್ಲ ನಡೆಸಲು ಮುದಗಲ್ಲಿನ ಅಮರಮ್ಮ ಎಂಬ ಯುವತಿಯನ್ನು ಗೌಡರು ನೇಮಿಸಿದರು. ರಾಯಚೂರಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದ ಆಕೆಗೆ ಮೊದಲ ದಿನ ಯಾವ ಗುಮಾಸ್ತನೂ ಕುರ್ಚಿ ಬಿಡಲಿಲ್ಲ. ಪಂಪಣ್ಣನವರು ತಮ್ಮ ಕುರ್ಚಿ ಕೊಟ್ಟು, ತಾವು ಅಕ್ಕಿ ಚೀಲದ ಮೇಲೆ ಕುಳಿತು ಆ ದಿನದ ಕೆಲಸ ಮಾಡಿದರು. ಅದನ್ನು ನೋಡಿದ ಮೇಲೆ ಎರಡು ಕುರ್ಚಿ ತಾವಾಗಿ ಬಂದವು.

ಗೌಡರು ಗುಮಾಸ್ತರನ್ನೆಲ್ಲ ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು. ದೀಪಾವಳಿಯವರೆಗೆ ಪರೀಕ್ಷೆ. ಕಂಪ್ಯೂಟರ್ ಗೆದ್ದು ನೆಲೆಯೂರಿದರೆ ಬರೆಯುವವರನ್ನು ಕಡಿಮೆ ಮಾಡುವುದು. ಕೈಕೊಟ್ಟರೆ ಪೆಟ್ಟಿಗೆಗಳನ್ನು ಹೈದರಾಬಾದಿಗೆ ಮರಳಿಸಿ ಹಳೆಯ ಪುಸ್ತಕಗಳನ್ನೇ ತೆರೆಯುವುದು. ಪರೀಕ್ಷೆ ನಡೆಯುವಷ್ಟು ದಿನ ಕೈಬಿಲ್ಟಿ ಬೇಡ, ಕಚೇರಿ ಪ್ರತಿಯನ್ನು ಕಾಗದದಲ್ಲಿ ತೆಗೆಯುವುದೂ ಬೇಡ, ಫ್ಲಾಪಿಯಲ್ಲಿ ಇದ್ದರೆ ಸಾಕು ಎಂದರು. ಕಾಗದದ ಒಂದು ಪ್ರತಿ ಇರಲೆಂದು ಪಂಪಣ್ಣನವರು ಕೇಳಿಕೊಂಡದ್ದು ನಡೆಯಲಿಲ್ಲ.

ಅಮರೇಗೌಡರ ಕಚೇರಿಗಳಲ್ಲಿ ಒಂದು ಪದ್ಧತಿ ಇತ್ತು. ಮಹಾನವಮಿಯ ದಿನ ಮೂರೂ ಊರುಗಳ ಬಿಲ್ಟಿ ಪುಸ್ತಕಗಳನ್ನು ಸಿಂಧನೂರಿಗೆ ತಂದು, ಲಾರಿಗಳ ಜತೆ ಪೂಜಿಸುತ್ತಿದ್ದರು. ಪುಸ್ತಕದ ಮೇಲ್ಹೊದಿಕೆಗೆ ಕುಂಕುಮ ಹಚ್ಚಿದರೆ ಪೂಜೆ ಸಲ್ಲದು. ಪುಸ್ತಕ ಬಿಚ್ಚಿ ಒಳಗಿನ ಮೊದಲ ಹಾಳೆಗೆ ಹಚ್ಚಬೇಕು. ಯಾವ ಪುಸ್ತಕವನ್ನೂ ಪೂಜೆಯಿಂದ ಹೊರಗಿಡುವಂತಿಲ್ಲ. ಆ ವರ್ಷ ಪುಸ್ತಕಗಳು ಇರಲಿಲ್ಲ, ಮೂರೂ ಊರುಗಳ ಫ್ಲಾಪಿಗಳು ಬಂದಿದ್ದವು. ಪಂಪಣ್ಣನವರು ಹೊರಗೆ ಲಾರಿಗಳ ಪೂಜೆಯಲ್ಲಿದ್ದರು. ಅಮರಮ್ಮ ಹಬ್ಬಕ್ಕೆ ಊರಿಗೆ ಹೋಗಿದ್ದರು. ಒಳಗೆ ಯಮನೂರಪ್ಪ ಎಂಬ ಗುಮಾಸ್ತರು ಪ್ರತಿಯೊಂದು ಫ್ಲಾಪಿಯನ್ನೂ ಅದರ ಲಕೋಟೆಯಿಂದ ಭಕ್ತಿಯಿಂದ ತೆಗೆದು, ನೀರಲ್ಲಿ ಕಲಸಿದ ಕುಂಕುಮವನ್ನು ಒಳಗಿನ ತಟ್ಟೆ ಕಾಣುವ ಕಿಂಡಿಯಲ್ಲಿ ಇಟ್ಟು, ಹೂವೇರಿಸಿ, ಕಾಯಿ ಒಡೆದರು.

ಹಬ್ಬ ಮುಗಿಸಿ ಬಂದ ಅಮರಮ್ಮ ಮೊದಲ ಫ್ಲಾಪಿ ಹಾಕಿದಾಗ ಯಂತ್ರ ಜೋಳ ಬೀಸುವ ಕಲ್ಲಿನ ಹಾಗೆ ಸದ್ದು ಮಾಡಿ ನಿಂತಿತು. ಎರಡನೆಯದೂ ಓದಲಿಲ್ಲ. ಮೂರನೆಯದನ್ನು ಬೆಳಕಿಗೆ ಹಿಡಿದು ನೋಡಿದರು.

“ಇದಕ್ಕ ಕುಂಕುಮ ಯಾರ್ ಹಚ್ಯಾರ್ರೀ?”

“ನಾನ ಹಚ್ಚೀನವಾ,” ಎಂದರು ಯಮನೂರಪ್ಪ. “ಮ್ಯಾಲ ಹಚ್ಚಿದ್ರ ನಡ್ಯಂಗಿಲ್ಲಲ್ಲ. ಹಾಳಿ ಹುಡುಕಿದೆ, ಸಿಗಲಿಲ್ಲ. ಕಿಂಡ್ಯಾಗ ಇಟ್ಟೀನಿ.”

“ನಕಲು ಇದ್ದವಲ್ರೀ, ಅವು?”

“ಅವುಕೂ ಹಚ್ಚೀನಿ. ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಹೆಂಗ?”

ಪರೀಕ್ಷೆ ಶುರುವಾದಂದಿನಿಂದ ಮೂರು ಊರುಗಳಲ್ಲಿ ಬರೆದ ಬಿಲ್ಟಿಗಳ ಕಚೇರಿ ಪ್ರತಿ ಹೀಗೆ ಇಲ್ಲವಾಯಿತು. ಪೆಟ್ಟಿಗೆ ಎಲ್ಲವನ್ನೂ ನುಂಗಿತು ಎಂಬ ಸುದ್ದಿ ಮಾತ್ರ ಲಿಂಗಸುಗೂರಿಗೆ ಮುಟ್ಟಿತು. ಕುಂಕುಮದ ಮಾತು ಮಸ್ಕಿಗೆ ಮುಟ್ಟಿತು, ಗೌಡರಿಗೆ ಮುಟ್ಟಲಿಲ್ಲ. ಗೌಡರು ಫೋನಿನಲ್ಲಿ, ನಾಳೆ ಬಂದು ಪೆಟ್ಟಿಗೆಗಳನ್ನು ಕಟ್ಟಿಸುತ್ತೇನೆ, ಆ ಹುಡುಗಿಯನ್ನೂ ಕೆಲಸದಿಂದ ಬಿಡಿಸುತ್ತೇನೆ ಎಂದರು.

ಮರುದಿನ ಗೌಡರಿಗಿಂತ ಮುಂಚೆ, ಮಸ್ಕಿಯ ಮೊದಲ ಬಸ್ಸಿಗೆ ಗೌಸ್‌ಸಾಬರು ಬಂದಿಳಿದರು. ಪಂಪಣ್ಣನವರನ್ನು ಲಾರಿಯೊಂದರ ಮರೆಗೆ ಕರೆದೊಯ್ದು ನಿಂತರು.

“ಸಾವ್ಕಾರ್ರು ಪೆಟ್ಟಿಗಿ ಮ್ಯಾಲ ಸಿಟ್ಟಾಗ್ಯಾರ. ಆ ಸಿಟ್ಟು ಅಲ್ಲೇ ಇರ್ಲಿ. ನೀವು ಸುಳ್ಳು ಹೇಳೂದು ಬ್ಯಾಡ್ರಿ, ಸುಮ್ನಿದ್ರ ಸಾಕು.”

“ಆ ಹುಡುಗಿ ತಪ್ಪೇನೂ ಇಲ್ಲಲ್ರೀ.”

“ಆಕಿಗಿ ಇನ್ನೂ ಇಪ್ಪತ್ತೆರಡು. ಎಲ್ಲ್ಯಾರ ಕೆಲಸ ಸಿಗ್ತೈತಿ. ನನಗ ಐವತ್ತಾರು. ಬಿಲ್ಟಿ ಬಿಟ್ರ ನನಗ ಏನ್ ಬರ್ತೈತಿ, ನೀವ ಹೇಳ್ರಿ.”

ಗೌಸ್‌ಸಾಬರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಾಗಿರಲಿಲ್ಲ ಎಂಬುದೇ ಪಂಪಣ್ಣನವರ ಕಷ್ಟ. ಒಂದು ಕಡೆ ಒಬ್ಬಳ ಕೆಲಸ, ಇನ್ನೊಂದು ಕಡೆ ತಮ್ಮ ಜತೆ ಬೆನ್ನು ಬಗ್ಗಿಸಿದ ಹಲವರ ಕೆಲಸ. ಲೆಕ್ಕ ಹಾಕಿದರೆ ಸುಮ್ಮನಿರುವುದೇ ಸರಿ ಎನಿಸುತ್ತಿತ್ತು. ಗೌಡರ ಜೀಪು ಬಂದು ನಿಂತಿತು.

ಗೌಡರು ಒಳಗೆ ಬಂದವರೇ ಅಮರಮ್ಮನ ಕಡೆ ನೋಡದೆ, “ಆಕಿ ಏನ್ ಮಾಡ್ಯಾಳ?” ಎಂದು ಪಂಪಣ್ಣನವರನ್ನು ಕೇಳಿದರು.

“ಆಕಿ ಏನೂ ಮಾಡಿಲ್ರಿ. ಪೆಟ್ಟಿಗೀನೂ ಏನೂ ಮಾಡಿಲ್ಲ,” ಎಂದರು ಪಂಪಣ್ಣನವರು. “ಪೂಜಿ ನಾವು ಮಾಡೀವಿ. ಹಸಿ ಕುಂಕುಮ ಒಳಗ ಹೋಗೇತಿ. ಬ್ಯಾಡ ಅಂತ ಹೇಳೂದು ನನ್ನ ಕೆಲಸ ಆಗಿತ್ತು, ಹೇಳಲಿಲ್ಲ.”

ಗೌಡರು ಒಂದು ಫ್ಲಾಪಿ ಎತ್ತಿ ಮೂಸಿ ನೋಡಿದರು. “ಅಂದ್ರ ಪೆಟ್ಟಿಗಿ ಛಲೋ ಐತಿ ಅಂದಂಗಾತು.”

“ಛಲೋ ಐತ್ರಿ.”

“ಅಂದ್ರ ಬರಿಯಾವ್ರು ಹೆಚ್ಚಾದ್ರು ಅಂದಂಗಾತು.”

ಪಂಪಣ್ಣನವರು, ಹಾಗಿದ್ದರೆ ಮೊದಲು ತಮ್ಮನ್ನೇ ಬಿಡಿಸಬೇಕೆಂದು ಕೇಳಿದರು. “ನಾಟಕ ಬ್ಯಾಡ ಪಂಪಣ್ಣ, ಹಗ್ಗ ಯಾರ್ ನೋಡ್ತಾರ?” ಎಂದು ಗೌಡರು ಎದ್ದರು. ಬಹಳ ಹೊತ್ತು ಬೇಡಿಕೊಂಡ ಮೇಲೆ ಗುಮಾಸ್ತರನ್ನು ಬಿಡಿಸುವ ಗಡುವು ದೀಪಾವಳಿಯಿಂದ ಯುಗಾದಿಗೆ ಸರಿಯಿತು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ ಗೌಸ್‌ಸಾಬರು ಚಹಾ ಕುಡಿಯದೆ ಬಸ್ ನಿಲ್ದಾಣಕ್ಕೆ ನಡೆದರು.

ಮುಂದಿನ ದಿನಗಳಲ್ಲಿ ಪಂಪಣ್ಣನವರು, ಅಮರಮ್ಮ ಮತ್ತು ಯಮನೂರಪ್ಪ ಗಿರಣಿಯಿಂದ ಗಿರಣಿಗೆ, ಅಂಗಡಿಯಿಂದ ಅಂಗಡಿಗೆ ಅಲೆದು, ಸರಕು ಕಳಿಸಿದವರ ಬಳಿ ಇದ್ದ ಪ್ರತಿಗಳನ್ನು ಬೇಡಿ ತಂದು, ಕಳೆದದ್ದನ್ನೆಲ್ಲ ಹೊಸದಾಗಿ ಕಂಪ್ಯೂಟರಿಗೆ ಏರಿಸಿದರು. ಕಚೇರಿ ಪ್ರತಿಯನ್ನು ಕಾಗದದಲ್ಲೂ ತೆಗೆದಿಡುವ ನಿಯಮ ಅಂದಿನಿಂದ ಬಂತು. ನಮ್ಮ ಭಾಗದ ಬೇರೆ ಕಂಪನಿಗಳು ಆಮೇಲೆ ಬಂದು ನೋಡಿ ಕಲಿತದ್ದು ಈ ವ್ಯವಸ್ಥೆಯನ್ನೇ. ತಾವು ಕಟ್ಟಿ ನಿಲ್ಲಿಸುತ್ತಿರುವ ವ್ಯವಸ್ಥೆ ತಮ್ಮ ಕೆಲಸವನ್ನೇ ಕಳೆಯುತ್ತದೆ ಎಂದು ಗೊತ್ತಿದ್ದೂ ಯಮನೂರಪ್ಪನವರು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ. ಈ ಮಾತನ್ನು ಈ ಲೇಖನದಲ್ಲಿ ಬರೆಯಲೇಬೇಕೆಂದು ಪಂಪಣ್ಣನವರೇ ಹೇಳಿದ್ದಾರೆ.

ಯುಗಾದಿಯ ನಂತರ, ಗುಮಾಸ್ತರನ್ನು ಬಿಡಿಸಿದಾಗ, ಅವರು ತಮ್ಮ ಋಣದಲ್ಲಿದ್ದವರನ್ನೆಲ್ಲ ಕೇಳಿ ಯಮನೂರಪ್ಪನವರಿಗೆ ಗಿರಣಿಯೊಂದರಲ್ಲಿ ತೂಕದ ಕೆಲಸ ಕೊಡಿಸಿದರು. ಗೌಸ್‌ಸಾಬರಿಗೂ ಅಂಥದ್ದೇ ಒಂದು ಕೆಲಸ ಗೊತ್ತು ಮಾಡಿ ಮಸ್ಕಿಗೆ ಹೋದರು. ಗೌಸ್‌ಸಾಬರು ಬಾಗಿಲಿಗೆ ಬಂದು, “ನೀವು ಖರೇನ ಹೇಳೀರಿ, ಪಂಪಣ್ಣ. ನನಗ ಅದರ ಬಗ್ಗಿ ಸಿಟ್ಟಿಲ್ಲ. ಆದ್ರ ನೀವು ಕೊಡಿಸಿದ್ದು ನನಗ ಬ್ಯಾಡ,” ಎಂದು ಒಳಗೆ ಹೋದರು. ಈ ಹೊತ್ತಿನವರೆಗೂ ಇಬ್ಬರ ನಡುವೆ ಮಾತಿಲ್ಲ. ಅಂದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತೇ ಎಂದು ಕೇಳಿದವರಿಗೆ ಪಂಪಣ್ಣನವರು ಚೆನ್ನಾಗಿತ್ತು ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ.

ಈಗ, 1999ರಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ. ಅಮರಮ್ಮ ಮೂರೂ ಕಚೇರಿಗಳ ಹೊಣೆ ಹೊರಲಿದ್ದಾರೆ. ಪಂಪಣ್ಣನವರಿಗೆ ಆಯುಷ್ಯ ಇರಲಿ, ಮಂಡಿಯ ನೋವು ಕಡಿಮೆಯಾಗಲಿ, ಲಾರಿ ಮಾಲೀಕರಿಗೂ ಹಮಾಲರಿಗೂ ಜಗಳ ಬಿದ್ದಾಗ ಇಬ್ಬರೂ ಕರೆಯುವ ಪಂಚರಾಗಿ ಅವರು ಇನ್ನೂ ಬಹುಕಾಲ ದುಡಿಯಲಿ ಎಂದು ಮೂರು ಊರುಗಳ ಪರವಾಗಿ ಹಾರೈಸುವುದು ನಮ್ಮ ಧರ್ಮ. ದಾಖಲೆಗಾಗಿ ಇಷ್ಟನ್ನು ಸೇರಿಸಬೇಕು: ಕಂಪ್ಯೂಟರ್ ಬರುವ ಮುಂಚೆ ಅಮರೇಗೌಡರ ಕಚೇರಿಗಳಲ್ಲಿ ಬಿಲ್ಟಿ ಬರೆಯುವವರು ಒಂಬತ್ತು ಜನ ಇದ್ದರು. ಸಿಂಧನೂರಿನಲ್ಲಿ ಇಬ್ಬರು, ಲಿಂಗಸುಗೂರಿನಲ್ಲಿ ಇಬ್ಬರು, ಮಸ್ಕಿಯಲ್ಲಿ ಇಬ್ಬರು, ಒಟ್ಟು ಆರು ಜನ ಕೆಲಸ ಕಳೆದುಕೊಂಡರು.